ನನ್ನ ಕೋಪಕ್ಕೆ ಎಳ್ಳುಂಡೆ

"ಮಗು ಕಿರುಚ್ತು ಅಂದ್ರೆ ಅದು ಕೆಟ್ಟ ಮಗು ಅಂತಲ್ಲ," ಎಂದು ನಾನು ಇಮಾನಿಗೆ ಹೇಳಿಕೊಡುತ್ತಿದ್ದೆ. "ಕಿರುಚೋಕೆ ಮುಂಚೆ ಏನಾಯ್ತು, ಮಗು ಏನ್ಮಾಡ್ತು, ಆಮೇಲೆ ಅದಕ್ಕೆ ಏನ್ ಸಿಕ್ತು. ಇಷ್ಟೇ ನೋಡು. ಕಿರುಚಿದಾಗ ಕೊಡಬೇಡ. ಕಿರುಚದೆ ಚಿತ್ರದ ಕಾರ್ಡ್ ಕೈಗೆ ಕೊಡ್ತಾ, ತಕ್ಷಣ ಕೇಳಿದ್ದನ್ನ ಕೊಟ್ಬಿಡು. ತಡ ಮಾಡಿದ್ರೆ ಪಾಠ ಕೆಟ್ಟುಹೋಗುತ್ತೆ."

ಇಮಾನಿ ಕೆಲಸಕ್ಕೆ ಸೇರಿ ವಾರ ತುಂಬಿರಲಿಲ್ಲ. ಹೇಳಿದ್ದಕ್ಕೆಲ್ಲ ತಲೆಯಾಡಿಸುವ, ತಲೆಗೂ ಹಾಕಿಕೊಳ್ಳುವ ಚುರುಕು ಹುಡುಗಿ. ಅವಳ ಮುಖ ಅರಳಿತು.

"ಓ, ಈಗ ಗೊತ್ತಾಯ್ತು. ಲೆಂಗ್ ನಿಂಗೆ ಎಳ್ಳುಂಡೆ ಕೊಡೋ ಹಾಗೆ."

"ಏನಂದೆ?"

"ಅದೇ, ನಿಂಗೆ ಸಿಟ್ಟು ಬಂದಾಗ ಕೂಗಾಡದೆ ಹಿಂದಿನ ಬಾಗಿಲಿಂದ ಆಚೆ ಹೋದ್ರೆ, ಅವನು ಬ್ಯಾಗಿಗೆ ಕೈ ಹಾಕ್ತಾನಲ್ಲ. ಕೂಗಾಡಿದ ದಿನ ಕೊಡಲ್ಲ. ಊಟದ ರೂಮಲ್ಲಿ ಎಲ್ಲಾರೂ ಹೇಳ್ತಾರೆ, ಲೆಂಗ್ ಮಾರಿನ ಎಷ್ಟು ಚೆನ್ನಾಗಿ ಪಳಗಿಸ್ಬಿಟ್ಟ ಅಂತ." ಆಗ ಅವಳು ನನ್ನ ಮುಖ ನೋಡಿದಳು. ದನಿ ಇಳಿಯಿತು. "ನಿಂಗೆ ಗೊತ್ತಿರ್ಲಿಲ್ವಾ?"

ಇಲ್ಲ, ಗೊತ್ತಿರಲಿಲ್ಲ. ಊರಿಗೆಲ್ಲ ಗೊತ್ತಿದ್ದದ್ದು ನನಗೊಬ್ಬಳಿಗೆ ಗೊತ್ತಿರಲಿಲ್ಲ. ಮೈಯೆಲ್ಲ ಉರಿದುಹೋಯಿತು.

ನಾನು ಮಾರಿಬೆಲ್, ಎಲ್ಲರ ಬಾಯಲ್ಲಿ ಮಾರಿ. ಫ್ರೆಸ್ನೋದ ಈ ಕೇಂದ್ರದಲ್ಲಿ ಆಟಿಸಂ ಇರುವ ಮಕ್ಕಳ ಜೊತೆ ನೆಲದ ಮೇಲೆ ಕೂತು ಕೆಲಸ ಮಾಡುವ ಟೆಕ್ನಿಶಿಯನ್. ಪ್ರತಿ ಮಗುವಿನ ಕಲಿಕೆಯ ಪ್ಲಾನ್ ಬರೆಯುವವರು ಮೇಲ್ವಿಚಾರಕಿ ಡೆನೀಸ್, ಅದನ್ನು ದಿನವೂ ನಡೆಸುವವರು ನಾವು. ಮಕ್ಕಳ ಮುಂದೆ ನನಗೆ ತಾಳ್ಮೆ ಎಷ್ಟು ಬೇಕಾದರೂ ಇದೆ. ದೊಡ್ಡವರ ಮುಂದೆ ಮಾತ್ರ ಮೂಗಿನ ತುದಿಯಲ್ಲೇ ಕೋಪ. ಇದು ನನಗೂ ಗೊತ್ತು, ಫ್ರೆಸ್ನೋದ ಅರ್ಧ ಊರಿಗೂ ಗೊತ್ತು.

ಲೆಂಗ್ ಮೌವಾ ಅದಕ್ಕೆ ತದ್ವಿರುದ್ಧ. ಮ್ಹೋಂಗ್ ಎಂಬ ವಲಸೆ ಜನಾಂಗದ ಹುಡುಗ, ಅಗಲ ಭುಜ, ಅಷ್ಟು ದೊಡ್ಡ ದೇಹದಿಂದ ಇಷ್ಟು ಸಣ್ಣ ದನಿ ಹೇಗೆ ಬರುತ್ತದೋ ಎಂದು ಆಶ್ಚರ್ಯವಾಗುವ ಹಾಗೆ ಮಾತಾಡುತ್ತಾನೆ. ಅವನ ಅಮ್ಮ ಮನೆಯಲ್ಲಿ ಕರಿಯುವ ಎಳ್ಳುಂಡೆ ತರುತ್ತಿದ್ದ. ಮೈತುಂಬ ಬಿಳಿ ಎಳ್ಳು, ಒಳಗೆ ಹೆಸರುಬೇಳೆಯ ಸಿಹಿ ಹೂರಣ. ನಾನು ಯಾರ ಮೇಲೋ ಹಲ್ಲು ಕಡಿಯುತ್ತಾ ಹಿಂದಿನ ಬಾಗಿಲಿಂದ ಆಚೆ ಬಂದು ನಿಂತರೆ, ಹಿಂದೆಯೇ ಬಂದು ಕಾಗದದಲ್ಲಿ ಸುತ್ತಿದ ಒಂದು ಉಂಡೆಯನ್ನು ಅಂಗೈ ಮೇಲಿಡುತ್ತಿದ್ದ. ಮಾತಿಲ್ಲ.

ತಿಂದ ಮೇಲೆ ತುಟಿಗೆ ಎಳ್ಳು ಅಂಟಿರುತ್ತಿತ್ತು. ಅದು ಎಲ್ಲಿದೆ ಎಂದು ತನ್ನ ತುಟಿಯನ್ನು ಮುಟ್ಟಿ ತೋರಿಸುತ್ತಿದ್ದ. ನಾನು ಬೇಕೆಂದೇ ಬೇರೆ ಕಡೆ ಒರೆಸಿಕೊಳ್ಳುತ್ತಿದ್ದೆ. "ಅಲ್ಲಲ್ಲ, ಈ ಕಡೆ," ಎನ್ನುತ್ತಿದ್ದ. ಅವನ ಕಣ್ಣು ನನ್ನ ತುಟಿಯ ಮೇಲೆ ಒಂದು ಕ್ಷಣ ಹೆಚ್ಚಿಗೆ ನಿಂತು, ಆಮೇಲೆ ಗಾಬರಿಯಾಗಿ ಪಕ್ಕದ ಕಸದ ತೊಟ್ಟಿಯನ್ನು ನೋಡುತ್ತಿತ್ತು. ಆ ಕಸದ ತೊಟ್ಟಿಯನ್ನು ಅಷ್ಟು ಪ್ರೀತಿಯಿಂದ ಯಾರೂ ನೋಡಿರಲಾರರು.

ನಮ್ಮಮ್ಮ ಇದನ್ನು ಮೊದಲೇ ಪತ್ತೆ ಮಾಡಿದ್ದಳು. "ಯಾರವನು?" ಎಂದು ಒಂದು ಬೆಳಿಗ್ಗೆ ಕೇಳಿದಳು.

"ಯಾರೂ ಇಲ್ವಲ್ಲಮ್ಮ."

"ಮಕ್ಕಳು ಉಗುಳೋ ಅಂಗಿಗೆ ಇಸ್ತ್ರಿ ಹಾಕ್ತಿದೀಯ ಮಗಳೇ. ನಂಗೆ ಕಣ್ಣು ಕಾಣಲ್ವಾ?"

ಈಗ ಆ ಇಸ್ತ್ರಿ ಹಾಕಿದ ಅಂಗಿಯಲ್ಲೇ ನಿಂತು ನಾನು ಒಳಗೊಳಗೆ ಬೇಯುತ್ತಿದ್ದೆ. ಯಾಕೆಂದರೆ ನಮ್ಮ ಕೆಲಸದ ಮೊದಲ ಪಾಠ ನನಗೆ ಗೊತ್ತು. ಹೊಸ ಮಗು ಬಂದರೆ ಶುರುವಿನಲ್ಲಿ ಏನೂ ಕಲಿಸುವುದಿಲ್ಲ. ಪಕ್ಕದಲ್ಲಿ ಕೂತು ಅದಕ್ಕೆ ಇಷ್ಟವಾದದ್ದನ್ನು ಕೊಡುತ್ತಾ ಹೋಗುತ್ತೇವೆ, ಅಷ್ಟೇ. ಕೆಲವೇ ದಿನಗಳಲ್ಲಿ ಮಗು ನಮ್ಮನ್ನು ಕಂಡರೇ ಬಾಗಿಲಿಗೆ ಓಡಿಬರುತ್ತದೆ. ಬಿಸ್ಕತ್ತಿನ ಖುಷಿ ನಮ್ಮ ಮುಖಕ್ಕೆ ಅಂಟಿಕೊಂಡಿರುತ್ತದೆ.

ಹಾಗಾದರೆ ನನ್ನದು? ಅವನ ಹಳೆಯ ನೀಲಿ ಕಾರು ತಿರುವಿನಲ್ಲಿ ಕಂಡರೆ ನನ್ನ ಎದೆ ಹಗುರಾಗುತ್ತದಲ್ಲ, ಅದು ನನ್ನ ಎದೆಯೋ, ಇಲ್ಲ ಎಳ್ಳುಂಡೆಯ ಪಾಠವೋ? ನಾನು ಅವನನ್ನು ಪ್ರೀತಿಸಿದೆನೋ, ಇಲ್ಲ ಅವನು ಕಲಿಸಿದ್ದನ್ನು ಒಪ್ಪಿಸುತ್ತಿದ್ದೆನೋ? ಈ ಪ್ರಶ್ನೆ ಹಿಡಿದುಕೊಂಡೇ ನಾನು ಪಾರ್ಕಿಂಗ್ ಜಾಗಕ್ಕೆ ಇಳಿದೆ. ಡಾಂಬರು ಕಾದು ಕಾಲಿಗೆ ಅಂಟುತ್ತಿತ್ತು. ಅವನು ಆಗ ತಾನೇ ಬಂದು ಕಾರು ನಿಲ್ಲಿಸಿದ್ದ.

"ಲೆಂಗ್, ನಾನೇನು ನಾಲ್ಕು ವರ್ಷದ ಮಗುನಾ?"

ಅವನು ಕಾರಿನ ಬಾಗಿಲು ಹಿಡಿದುಕೊಂಡೇ ನಿಂತ. "ಯಾಕೆ, ಏನಾಯ್ತು?"

"ಎಳ್ಳುಂಡೆ."

ಅಷ್ಟಕ್ಕೇ ಅವನ ಕಿವಿ ಕೆಂಪಾಯಿತು. ಲೆಂಗ್‌ಗೆ ಸುಳ್ಳು ಹೇಳಲು ಬರುವುದಿಲ್ಲ, ಬಾಯಿ ತೆಗೆಯುವ ಮೊದಲೇ ಕಿವಿ ಒಪ್ಪಿಕೊಂಡುಬಿಡುತ್ತದೆ.

"ಯಾರು ಹೇಳಿದ್ರು?"

"ಯಾರು ಹೇಳ್ಲಿಲ್ಲ ಅಂತ ಕೇಳು. ಎಷ್ಟು ದಿನದಿಂದ ಈ ನಾಟಕ?"

"ಏಪ್ರಿಲ್‌ನಿಂದ." ಅವನು ನೆಲ ನೋಡಿದ. "ಅವತ್ತು ಒಂದು ಮಗೂನ ತಂದೆ ಮೇಲೆ ಕೂಗಾಡಿದ್ಯಲ್ಲ. ಇನ್ನೊಂದ್ಸಲ ಹೀಗಾದ್ರೆ ಮಾರಿನ ಇಟ್ಕೊಳ್ಳೋಕಾಗಲ್ಲ ಅಂತ ಡೆನೀಸ್ ಅಂದ್ರು. ನಂಗೆ ಭಯ ಆಯ್ತು. ಮೊದಲನೇ ದಿನ ಸುಮ್ನೇ ಕೊಟ್ಟೆ ಮಾರಿ, ದೇವರಾಣೆ. ನೀನು ತಿಂದು ತಣ್ಣಗಾದೆ. ಆಮೇಲೆ..."

"ಆಮೇಲೆ ಪ್ಲಾನ್ ಆಯ್ತು."

"ನಿನ್ನ ಒಳ್ಳೇದಕ್ಕೇ."

"ಆ ಮಾತು ಆಡ್ಬೇಡ. ನಿನ್ನ ಒಳ್ಳೇದಕ್ಕೇ ಅಂತ ಮಕ್ಕಳ ಕೈ ಹಿಡಿದು ಎಳೆಯೋರನ್ನ ನಾವಿಬ್ರೂ ನೋಡಿದೀವಿ. ಮಾತು ಬಾರದ ಮಗೂನೂ ನಾವು ಕೇಳ್ತೀವಿ ಲೆಂಗ್. ಮುಖ ತಿರುಗಿಸಿದ್ರೆ ಬೇಡ ಅಂತ ತಿಳ್ಕೊಂಡು ನಿಲ್ಲಿಸ್ತೀವಿ. ನನ್ನ ಒಂದು ಮಾತು ಕೇಳಿದ್ಯಾ ನೀನು?"

ಅವನು ಇಲ್ಲವೆಂದು ತಲೆಯಾಡಿಸಿದ.

"ಊಟದ ರೂಮಲ್ಲಿ ನಗ್ತಿದಾರಂತೆ. ಪಳಗಿಸಿದಾನಂತೆ. ನಾನೇನು ಸರ್ಕಸ್ಸಿನ ಕರಡಿನಾ? ಅದೂ ಹೋಗ್ಲಿ. ಬೆಳಿಗ್ಗೆ ನಿನ್ನ ಕಾರು ಕಂಡ್ರೆ ನಂಗೆ ಖುಷಿ ಆಗುತ್ತಲ್ಲ, ಅದನ್ನೂ ನೀನೇ ಕಲ್ಸಿದ್ದಾ?"

ಮಾತು ಜಾರಿತ್ತು. ಹಿಂದಕ್ಕೆ ತೆಗೆದುಕೊಳ್ಳುವ ಹಾಗಿರಲಿಲ್ಲ.

"ನಿಂಗೆ ಖುಷಿ ಆಗುತ್ತಾ?" ಎಂದ ಲೆಂಗ್, ಮೆಲ್ಲಗೆ. ಬೈಸಿಕೊಳ್ಳುತ್ತಿದ್ದೇನೆ ಎಂಬುದೇ ಅವನಿಗೆ ಮರೆತುಹೋಗಿತ್ತು. ಮುಖದಲ್ಲಿ ನಾನು ಎಂದೂ ಕಾಣದ ಒಂದು ಬೆಳಕು. ಕಣ್ಣು ಈ ಸಲ ಕಸದ ತೊಟ್ಟಿಗೆ ಓಡಲಿಲ್ಲ, ನನ್ನ ಮೇಲೆಯೇ ನಿಂತಿತು. ಅದನ್ನು ನೋಡಿ ನನ್ನ ಸಿಟ್ಟು ಇಳಿಯತೊಡಗಿತು, ಇಳಿದದ್ದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು.

"ಆಗ್ತಿತ್ತು," ಎಂದೆ. "ಇನ್ಮೇಲೆ ಆಗಲ್ಲ."

ಅವತ್ತೇ ಅವನ ಸಹವಾಸಕ್ಕೆ ಎಳ್ಳುನೀರು ಬಿಟ್ಟೆ. ಸುಮ್ಮನೆ ಮುನಿಸಿಕೊಳ್ಳುವುದು ಬೇರೆ, ನಮ್ಮ ಕೆಲಸದವರು ಮುನಿಸಿಕೊಳ್ಳುವುದು ಬೇರೆ. ಬೇಡದ ವರ್ತನೆಗೆ ಸಿಗುತ್ತಿದ್ದ ಗಮನವನ್ನು ನಿಲ್ಲಿಸುವುದು ನಮಗೆ ಕಲಿಸಿದ ವಿದ್ಯೆ. ಕಣ್ಣು ಅವನ ಮೇಲೆ ನಿಲ್ಲಬಾರದು. ಹುಬ್ಬು ಅಲುಗಬಾರದು. ನಿಟ್ಟುಸಿರೂ ಬಿಡಬಾರದು, ಅದೂ ಗಮನವೇ. ನಾನು ಅವನ ಪಾಲಿಗೆ ಗೋಡೆಯಾದೆ. ಅವನು ನನ್ನ ಮೇಜಿನ ಮೇಲಿಟ್ಟ ಎಳ್ಳುಂಡೆಯನ್ನು ಮುಟ್ಟಲಿಲ್ಲ. ಇಮಾನಿ ತಿಂದಳು. ಮರುದಿನದಿಂದ ಅವನು ತರುವುದನ್ನೇ ಬಿಟ್ಟ.

ಆರುವ ದೀಪಕ್ಕೆ ಉರಿ ಹೆಚ್ಚು ಎನ್ನುತ್ತಾರಲ್ಲ, ಗಮನ ನಿಂತಾಗಲೂ ಹಾಗೆಯೇ. ವರ್ತನೆ ಸಾಯುವ ಮೊದಲು ಒಮ್ಮೆ ಜೋರಾಗಿ ಎದ್ದು ಕುಣಿಯುತ್ತದೆ. ದಿನಕ್ಕೆ ನಾಲ್ಕು ಮಾತಾಡದ ಲೆಂಗ್ ವಾಚಾಳಿಯಾದ.

"ಮಾರಿ, ನಿನ್ನ ಶೂ ದಾರ ಬಿಚ್ಚಿದೆ."

ನಾನು ಬಿಚ್ಚಿದ ದಾರವನ್ನು ಎಳೆದುಕೊಂಡೇ ಉದ್ದದ ಹಜಾರ ದಾಟಿದೆ.

"ಮಾರಿ, ಹೊರಗೆ ಬಿಸಿಲು ಜಾಸ್ತಿ ಅಲ್ವಾ?"

ಫ್ರೆಸ್ನೋದಲ್ಲಿ ಜುಲೈ ತಿಂಗಳಲ್ಲಿ ಈ ಪ್ರಶ್ನೆ ಕೇಳಿದವನು ಅವನೊಬ್ಬನೇ ಇರಬೇಕು.

"ಮಾರಿ, ನನ್ನ ಮಾತು ಹೆಚ್ಚಾಗ್ತಿದೆ ಅಂತ ನಂಗೂ ಗೊತ್ತಾಗ್ತಿದೆ. ಪುಸ್ತಕದಲ್ಲಿ ಹೀಗೇ ಬರ್ದಿರೋದು. ಸ್ವಲ್ಪ ಸಹಿಸ್ಕೋ."

ನಗು ಬಂತು. ಬಾತ್‌ರೂಮಿಗೆ ಹೋಗಿ ನಲ್ಲಿ ತಿರುಗಿಸಿ ನಕ್ಕು, ಮುಖ ಒರೆಸಿಕೊಂಡು, ಮತ್ತೆ ಗೋಡೆಯಾಗಿ ಬಂದೆ. ನಕ್ಕದ್ದಕ್ಕೆ ನನ್ನ ಮೇಲೆಯೇ ಕೋಪ. ಕಲಿಸಿದ ಪಾಠವಾಗಿದ್ದರೆ ಇದು ಒಣಗಬೇಕಿತ್ತು. ರಾತ್ರಿ ಮಲಗಿದರೆ ಇನ್ನೂ ಅವನದೇ ಕಿವಿ, ಅವನದೇ ಸಣ್ಣ ದನಿ.

ನಾವಿಬ್ಬರೂ ಮಾತಿಲ್ಲದೆ ಇರಬಹುದಿತ್ತು, ನಡುವೆ ನಾರೆ ಇಲ್ಲದಿದ್ದರೆ.

ನಾರೆ ಎಂಟು ವರ್ಷದ ಅರ್ಮೇನಿಯನ್ ಹುಡುಗಿ. ಮಾತಿಲ್ಲ. ದಪ್ಪ ಜಡೆ, ಉಯ್ಯಾಲೆ ಎಂದರೆ ಪ್ರಾಣ. ಬೆಳಿಗ್ಗೆ ಅವಳ ಜೊತೆ ನಾನು, ಮಧ್ಯಾಹ್ನ ಲೆಂಗ್, ಊಟದ ಹೊತ್ತಿಗೆ ಇಬ್ಬರೂ. ಕೆಲಸ ಕೊಟ್ಟರೆ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳುವುದು ಅವಳ ಹಳೆಯ ಅಭ್ಯಾಸ. ಯಾಕೆ ಎಂದು ಎಲ್ಲರೂ ಸೇರಿ ನೋಡಿ ಕಂಡುಕೊಂಡಿದ್ದೆವು: ಹೊಡೆದುಕೊಂಡರೆ ಕೆಲಸ ತಪ್ಪುತ್ತದೆ, ಅದಕ್ಕೆ. ಹಾಗಾಗಿ ಡೆನೀಸ್ ಬರೆದ ಪ್ಲಾನ್ ಸರಳವಾಗಿತ್ತು. ಹೊಡೆದುಕೊಂಡರೆ ಕೆಲಸ ತೆಗೆಯಬೇಡಿ, ಮೆಲ್ಲಗೆ ಸಹಾಯ ಮಾಡಿ ಮುಗಿಸಿ. 'ಸಾಕು' ಎಂಬ ಕಾರ್ಡ್ ಕೊಟ್ಟರೆ ಆ ಕ್ಷಣವೇ ನಿಲ್ಲಿಸಿ. ಒಳ್ಳೆಯ ಪ್ಲಾನ್. ಹೊಡೆತ ಹೆಚ್ಚುಕಡಿಮೆ ನಿಂತೇಹೋಗಿತ್ತು.

ಆ ವಾರ ಮತ್ತೆ ಶುರುವಾಯಿತು. ಹಳೆಯ ಚಾಳಿ ತಿರುಗಿ ಬಂದಿದೆ ಎಂದುಕೊಂಡೆ. ಊಟದ ಮೇಜಿನ ಆಚೆಯಿಂದ ಲೆಂಗ್ ಅಂದ:

"ಮಾರಿ, ನಾರೆ ಬಲಗಡೆ ಅಗೀತಿಲ್ಲ, ನೋಡು."

ನಾನು ಕಿಟಕಿ ನೋಡಿದೆ.

"ನಿನ್ನೆ ಉಯ್ಯಾಲೆ ಮೇಲೂ ಹೊಡ್ಕೊಂಡ್ಲು. ಅಲ್ಲಿ ನಾನು ಕೆಲಸಾನೇ ಕೊಟ್ಟಿರ್ಲಿಲ್ಲ."

ನೋಡಿ ಎಷ್ಟು ಜಾಣ, ಎಂದುಕೊಂಡೆ ನಾನು. ಶೂ ದಾರ ಆಯಿತು, ಬಿಸಿಲು ಆಯಿತು, ಈಗ ನನ್ನ ಬಾಯಿ ಬಿಡಿಸಲು ಮಗುವನ್ನು ಅಡ್ಡ ತರುತ್ತಿದ್ದಾನೆ. ಎದ್ದು ತಟ್ಟೆ ತೊಳೆಯಲು ಹೋದೆ. ಮರುದಿನವೂ ಅದನ್ನೇ ಹೇಳಿದ. "ಡೆನೀಸ್‌ಗೆ ಹೇಳು ಮಾರಿ, ನಾರೆಗೆ ನೀನೇ ಮುಖ್ಯ ಟೆಕ್ನಿಶಿಯನ್. ನಾನು ನಿನ್ನ ದಾಟಿ ಹೋದ್ರೆ ನೀನು ಇನ್ನೂ..." ಅಷ್ಟಕ್ಕೆ ಅವನ ಮಾತು ನಿಂತಿತು. ನನ್ನ ಗೋಡೆ ಅಲುಗಲಿಲ್ಲ.

ಗುರುವಾರ ಊಟದ ಹೊತ್ತಿಗೆ, ಲೆಂಗ್ ಕೂಡ ಕೋಣೆಯಲ್ಲಿದ್ದಾಗ, ಡೆನೀಸ್ ನೋಡಲು ಬಂದರು. ನಾರೆಯ ತಾಯಿ ಆನೂಷ್ ಕೂಡ ಮೂಲೆಯ ಕುರ್ಚಿಯಲ್ಲಿ ಕೈಚೀಲ ತಬ್ಬಿಕೊಂಡು ಕೂತಿದ್ದರು. ನಾನು ಮಣಿ ಪೋಣಿಸುವ ಕೆಲಸ ಕೊಟ್ಟೆ. ನಾರೆ ಕೆನ್ನೆಗೆ ಹೊಡೆದುಕೊಂಡಳು.

"ಪ್ಲಾನ್ ಪ್ರಕಾರ ಮುಂದುವರಿಸು," ಎಂದರು ಡೆನೀಸ್, ಶಾಂತವಾಗಿ.

ಮುಂದುವರಿಸಿದೆ. ನಾರೆ 'ಸಾಕು' ಕಾರ್ಡ್ ಎತ್ತಿ ನನ್ನ ಕೈಗಿಟ್ಟಳು. ತಕ್ಷಣ ಮಣಿಯ ಡಬ್ಬ ತೆಗೆದೆ. ಕೆಲಸ ಹೋಯಿತು. ಆದರೂ ಹೊಡೆದುಕೊಂಡಳು. ಮತ್ತೆ. ಮತ್ತೆ. ಬಲಗೆನ್ನೆಗೇ. ಅವಳ ಕಣ್ಣಿಂದ ನೀರು ಸದ್ದಿಲ್ಲದೆ ಇಳಿಯುತ್ತಿತ್ತು.

ಇದು ಹಳೆಯ ಚಾಳಿಯಲ್ಲ ಎಂದು ನನಗೆ ಆಗ ಹೊಳೆಯಿತು. ಕೋಪ ಉಕ್ಕಿ ಬಂತು. ನಿಲ್ಲಿಸಿ, ಏನೋ ಸರಿಯಿಲ್ಲ, ಎಂದು ಆ ಕೋಣೆಯ ಗಾಜು ಒಡೆಯುವ ಹಾಗೆ ಕೂಗಬೇಕಿತ್ತು.

ನನ್ನ ಕಾಲುಗಳು ಬಾಗಿಲ ಕಡೆ ತಿರುಗಿದವು. ಮಗುವನ್ನು ಲೆಂಗ್ ಕೈಗೆ ಬಿಟ್ಟು, ಒಂದೂ ಮಾತಾಡದೆ ಹಿಂದಿನ ಬಾಗಿಲು ತಳ್ಳಿಕೊಂಡು ಆಚೆ ಹೋದೆ. ಕಸದ ತೊಟ್ಟಿಯ ಪಕ್ಕ, ರಣಬಿಸಿಲಿನಲ್ಲಿ, ಅಂಗೈ ಬಿಚ್ಚಿಕೊಂಡು ನಿಂತಿದ್ದೆ. ಬಾಯಲ್ಲಿ ನೀರೂರುತ್ತಿತ್ತು.

ಒಳಗೊಂದು ಮಗು ಅಳುತ್ತಿದೆ, ನನ್ನ ಬಾಯಲ್ಲಿ ನೀರೂರುತ್ತಿದೆ. ಅಸಹ್ಯ, ಭಯ, ಕೋಪ ಎಲ್ಲ ಒಟ್ಟಿಗೆ ಬಂತು. ಕೂಗಬೇಕಾದ ಹೊತ್ತಿನಲ್ಲೇ ನನ್ನ ಕೂಗು ಕಾಲ ಬುಡದಲ್ಲಿ ಸತ್ತುಬಿದ್ದಿತ್ತು. ಅವನು ಕೊಂದದ್ದು.

ಆಗ ಒಳಗಿಂದ ಒಂದು ಗಂಡುದನಿ ಸಿಡಿಯಿತು. ಯಾರದೆಂದು ಗುರುತು ಹತ್ತಲಿಲ್ಲ, ಯಾಕೆಂದರೆ ಆ ದನಿಯನ್ನು ನಾನು ಎಂದೂ ಕೇಳಿರಲಿಲ್ಲ. ಓಡಿ ಒಳಗೆ ಹೋದೆ.

ಲೆಂಗ್ ಕೋಣೆಯ ನಡುವೆ ನಿಂತಿದ್ದ. ಕಿವಿ, ಕುತ್ತಿಗೆ, ಹಣೆ ಎಲ್ಲ ಕೆಂಪು.

"ಯಾರಾದ್ರೂ ಕೇಳಿಸ್ಕೊಳ್ತೀರಾ? ಕೆಲಸ ತೆಗೆದ್ರೂ ಹೊಡ್ಕೊಳ್ತಿದಾಳೆ. ಉಯ್ಯಾಲೆ ಮೇಲೂ ಹೊಡ್ಕೊಳ್ತಾಳೆ. ಬಲಗಡೆ ಅಗಿಯಲ್ಲ. ಇದು ಕೆಲಸ ತಪ್ಪಿಸ್ಕೊಳ್ಳೋಕಲ್ಲ, ಮಗೂಗೆ ನೋವಿದೆ. ಮೊನ್ನೆಯಿಂದ ಬಡ್ಕೊಳ್ತಿದೀನಿ, ಗೋಡೆ ಹತ್ರ ಹೇಳ್ದ ಹಾಗಾಗಿದೆ."

ಗೋಡೆ ಎಂದಾಗ ಅವನು ನನ್ನನ್ನು ನೋಡಿದ.

ನಾರೆ ಎರಡೂ ಕಿವಿ ಮುಚ್ಚಿಕೊಂಡಿದ್ದಳು. ಡೆನೀಸ್ ಕೈಯಲ್ಲಿದ್ದದ್ದನ್ನು ಕೆಳಗಿಟ್ಟು ನೆಲದ ಮೇಲೆ ಅವಳ ಎದುರಿಗೆ ಕೂತರು. ದೂರದಿಂದಲೇ ಎರಡೂ ಕೆನ್ನೆಗಳನ್ನು ನೋಡಿದರು. ಒಂದು ಕಡೆ ತುಸು ಊದಿದ್ದು ಆಗ ನನಗೂ ಕಂಡಿತು.

"ಪ್ಲಾನ್ ಇಲ್ಲಿಗೆ ನಿಲ್ಲಿಸಿ," ಎಂದರು. "ಆನೂಷ್, ಇವತ್ತೇ ಹಲ್ಲಿನ ಡಾಕ್ಟರಿಗೆ ತೋರಿಸಿ. ಈಗ್ಲೇ ಹೊರಡಿ, ಫೋನು ನಾನು ಮಾಡ್ತೀನಿ." ಆಮೇಲೆ ಲೆಂಗ್ ಕಡೆ ತಿರುಗಿದರು. "ಮೊನ್ನೆಯಿಂದ ಅಂದ್ಯಲ್ಲ. ಯಾರಿಗೆ ಹೇಳ್ದೆ?"

ಲೆಂಗ್ ನನ್ನ ಹೆಸರು ಹೇಳಲಿಲ್ಲ.

"ನಂಗೆ," ಎಂದೆ ನಾನು. "ನಾನು ಕೇಳಿಸ್ಕೊಳ್ಳಲಿಲ್ಲ."

"ಹೊಸದೇನಾದ್ರೂ ಕಂಡ್ರೆ ಅವತ್ತೇ ನಂಗೆ ತಿಳಿಸ್ಬೇಕು, ಯಾರಾದ್ರೂ ಸರಿ. ನಿಮ್ಮಿಬ್ಬರಿಗೂ ಗೊತ್ತಿರೋ ವಿಷಯ ಇದು." ಅವರ ದನಿ ಏರಲಿಲ್ಲ, ಏರಿದ್ದರೆ ಚೆನ್ನಾಗಿತ್ತು. "ಇನ್ಮೇಲೆ ಕೂಗಬೇಕಾದ್ರೆ ನನ್ನ ರೂಮಿಗೆ ಬಂದು ಎಷ್ಟು ಬೇಕಾದ್ರೂ ಕೂಗಿ. ಇಲ್ಲಿ ಮಗು ಕಿವಿ ಮುಚ್ಕೊಂಡಿದೆ."

ಸಂಜೆ ಆನೂಷ್ ಫೋನು ಮಾಡಿದರು. ದವಡೆ ಹಲ್ಲಿನ ಬುಡದಲ್ಲಿ ಕೀವು ತುಂಬಿತ್ತಂತೆ, ತೆಗೆದರಂತೆ, ಮಗು ಮನೆಗೆ ಬಂದು ಸೋಫಾದ ಮೇಲೇ ನಿದ್ದೆಹೋಗಿದೆಯಂತೆ. "ಆ ಹುಡುಗನಿಗೆ ಹೇಳು, ಅವನು ಕೂಗಿದ್ದು ಒಳ್ಳೇದಾಯ್ತು ಅಂತ," ಎಂದರು. ನಾನು ಫೋನಿಟ್ಟು ಸ್ವಲ್ಪ ಹೊತ್ತು ಅತ್ತೆ.

ಹೊರಗೆ ಬಂದಾಗ ಬಿಸಿಲು ಇನ್ನೂ ಇಳಿದಿರಲಿಲ್ಲ. ಲೆಂಗ್ ಪಾರ್ಕಿಂಗಿನ ಅಂಚಿನ ಕಟ್ಟೆಯ ಮೇಲೆ ಕೂತಿದ್ದ. ಸುದ್ದಿ ಹೇಳಿದೆ. ಅವನು ಕಣ್ಣು ಮುಚ್ಚಿ ಉಸಿರು ಬಿಟ್ಟ. ನಾನು ಒಂದು ಮಾರು ದೂರ ಬಿಟ್ಟು ಕೂತೆ. ಅಷ್ಟು ದಿನಗಳ ಮೇಲೆ ನಾನು ಅವನಿಗೆ ಆಡಿದ ಮೊದಲ ಮಾತು ಆ ಸುದ್ದಿಯೇ.

"ನಂಗೇ ಇನ್ನೂ ನಂಬೋಕಾಗ್ತಿಲ್ಲ," ಎಂದ. "ಜೀವನದಲ್ಲಿ ಮೊದಲನೇ ಸಲ ಕೂಗಿದ್ದು."

"ಚೆನ್ನಾಗಿ ಕೂಗ್ದೆ. ಅಭ್ಯಾಸ ಇದ್ದೋರ ಹಾಗೆ."

ಅವನು ನಗಲಿಲ್ಲ. ನನ್ನ ಕಡೆ ತಿರುಗಿ ಕೂತ.

"ಮಾರಿ, ನಿಂಗೆ ಯಾಕೆ ಅಷ್ಟು ಕೋಪ ಬರುತ್ತೆ?"

ಇಷ್ಟು ವರ್ಷದಲ್ಲಿ ನನಗೆ ಕೋಪ ಜಾಸ್ತಿ ಎಂದವರು ನೂರು ಜನ. ಸ್ವಲ್ಪ ಕಡಿಮೆ ಮಾಡಿಕೋ ಎಂದವರು ಇನ್ನೂರು. ಯಾಕೆ ಎಂದು ಒಬ್ಬರೂ ಕೇಳಿರಲಿಲ್ಲ. ಮಕ್ಕಳ ವಿಷಯದಲ್ಲಿ ನಾವು ಮೊಟ್ಟಮೊದಲು ಕೇಳುವುದು ಅದನ್ನೇ.

"ನಮ್ಮಕ್ಕ ಒಫೇಲಿಯಾ," ಎಂದೆ. "ಅವಳಿಗೂ ಮಾತಿಲ್ಲ. ನಾನು ಮೊದಲನೇ ಕ್ಲಾಸಲ್ಲಿದ್ದಾಗ ಒಂದ್ಸಲ ಅವಳು ಸ್ಕೂಲಿನ ಹಜಾರದಲ್ಲಿ ಒದ್ದೆ ಬಟ್ಟೆಲಿ ನಿಂತಿದ್ಲು. ಎಷ್ಟು ಹೊತ್ತಿಂದ ನಿಂತಿದ್ಲೋ. ನಾನು ಹೋಗಿ ಒಬ್ಬೊಬ್ಬ ಟೀಚರಿಗೂ ದಯವಿಟ್ಟು ಅಂತ ಹೇಳ್ದೆ. ಹಾಂ ಹಾಂ ಅಂತ ಹೋದ್ರು. ಆಮೇಲೆ ನೆಲದ ಮೇಲೆ ಬಿದ್ದು ಕಿರುಚಿದೆ. ಎಲ್ಲಾರೂ ಓಡಿಬಂದ್ರು. ಅಕ್ಕಂಗೆ ಒಣ ಬಟ್ಟೆ ಸಿಕ್ತು."

ನಾನು ಅಂಗಿಯ ತೋಳಿಂದ ಕಣ್ಣೊರೆಸಿಕೊಂಡೆ.

"ಅವತ್ತು ಕಲಿತಿದ್ದು. ನನ್ನ ಕೋಪ ನಂಗೋಸ್ಕರ ಅಲ್ಲ ಲೆಂಗ್. ಅದನ್ನ ನೀನು ತೆಗ್ದೆ. ಇವತ್ತು ಆ ಕೋಪ ಬೇಕಾಗಿತ್ತು, ಇರ್ಲಿಲ್ಲ. ನಾನು ಹೋಗಿ ಕಸದ ತೊಟ್ಟಿ ಹತ್ರ ಕೈ ಚಾಚ್ಕೊಂಡು ನಿಂತಿದ್ದೆ."

"ನಾನು ನೋಡ್ದೆ," ಎಂದ. ದನಿ ಒಡೆದಿತ್ತು. "ನೀನು ಬಾಗಿಲ ಕಡೆ ತಿರುಗಿದ್ದು ನೋಡ್ದೆ. ಅದಕ್ಕೇ ಕೂಗ್ದೆ. ನೀನು ಕೂಗ್ತೀಯ ಅಂತ ಕಾಯ್ತಿದ್ದೆ, ನೀನು ಹೊರಟುಹೋದೆ. ಅಯ್ಯೋ, ಇದು ನಾನು ಮಾಡಿದ್ದು ಅನ್ನಿಸ್ತು." ಸ್ವಲ್ಪ ಹೊತ್ತು ತನ್ನ ಅಂಗೈ ನೋಡಿಕೊಂಡ. "ನಿನ್ನ ಒಳ್ಳೇದಕ್ಕೆ ಅಂದಿದ್ದು ಸುಳ್ಳು ಮಾರಿ. ಪೂರ್ತಿ ಸುಳ್ಳಲ್ಲ, ಅರ್ಧ. ನಮ್ಮಪ್ಪ ದನಿ ಎತ್ತಿದ್ರೆ ನಾನು ಮೇಜಿನ ಕೆಳಗೆ ಹೋಗಿ ಕೂತ್ಕೊಳ್ತಿದ್ದೆ. ಈಗ್ಲೂ ಯಾರಾದ್ರೂ ಕೂಗಿದ್ರೆ ಹೇಗಾದ್ರೂ ಮಾಡಿ ನಿಲ್ಲಿಸ್ಬೇಕು ಅನ್ಸುತ್ತೆ. ನಿನ್ನ ಸದ್ದು ನಿಂತ್ರೆ ನಂಗೆ ಸಮಾಧಾನ ಆಗ್ತಿತ್ತು."

"ಅಂದ್ರೆ ಎಳ್ಳುಂಡೆ ಕೊಟ್ಟಿದ್ದು ನಂಗಲ್ಲ."

"ಅಲ್ಲ. ನಂಗೇ."

ನನಗೆ ಅವನ ಕಪಾಳಕ್ಕೆ ಬಾರಿಸಬೇಕೆನಿಸಿತು, ಆ ಮೇಜಿನ ಕೆಳಗೆ ಹೋಗಿ ಅವನ ಪಕ್ಕ ಕೂತುಕೊಳ್ಳಬೇಕೆಂದೂ ಅನಿಸಿತು. ಎರಡೂ ಒಟ್ಟಿಗೆ.

"ಒಂದು ಕೇಳ್ತೀನಿ, ಸುಳ್ಳು ಹೇಳಬೇಡ," ಎಂದೆ. "ನಂಗೆ ನಿನ್ನ ಮೇಲಿರೋದು ನಂದೇನಾ, ಇಲ್ಲ ನೀನು ಕಲ್ಸಿದ್ದಾ?"

ಬೇರೆ ಯಾರಾದರೂ ಆಗಿದ್ದರೆ ನಿನ್ನದೇ ಎಂದು ಹೇಳಿ ಕೈ ಹಿಡಿಯುತ್ತಿದ್ದರು. ಲೆಂಗ್ ನಿಜವಾಗಿ ಯೋಚಿಸಿದ. ಹುಬ್ಬು ಗಂಟಿಕ್ಕಿ, ತುಟಿ ಕಚ್ಚಿ, ಪರೀಕ್ಷೆಗೆ ಕೂತವನ ಹಾಗೆ.

"ನಂಗೆ ಗೊತ್ತಿಲ್ಲ," ಎಂದ ಕೊನೆಗೆ. "ಅದು ನಿಂಗೆ ಮಾತ್ರ ಗೊತ್ತಾಗೋದು. ನಂದು ಏನು ಅಂತ ಮಾತ್ರ ಹೇಳ್ಬಲ್ಲೆ. ನಂಗೆ ನೀನಂದ್ರೆ ಇಷ್ಟ. ತಣ್ಣಗೆ ಉಂಡೆ ತಿನ್ನೋ ಮಾರಿ ಅಲ್ಲ. ಕೂಗೋ ಮಾರಿ."

"ನಿಂಗೆ ಹೆದರಿಕೆ ಆಗುತ್ತಲ್ಲ."

"ಆಗುತ್ತೆ. ಹೆದರ್ಕೊಂಡೇ ಇಷ್ಟ."

ಕಿವಿ ನೋಡಿದೆ. ಕೆಂಪಾಗಿರಲಿಲ್ಲ.

ನಾನು ಲೆಕ್ಕ ಹಾಕಿದೆ, ನಮ್ಮ ಕೆಲಸದವರ ಲೆಕ್ಕ. ಅಷ್ಟು ದಿನ ಅವನಿಂದ ನನಗೆ ಏನೂ ಸಿಕ್ಕಿರಲಿಲ್ಲ. ಸಿಹಿಯಿಲ್ಲ, ನಗುವಿಲ್ಲ, ನಾನೇ ಅದಕ್ಕೆ ಅವಕಾಶ ಕೊಟ್ಟಿರಲಿಲ್ಲ. ಕಲಿತದ್ದಾಗಿದ್ದರೆ ಇಷ್ಟು ಹೊತ್ತಿಗೆ ಅದು ಸೊರಗಿ ಸಾಯಬೇಕಿತ್ತು. ಒಂದು ದಿನ ಎದ್ದು ಕುಣಿದಾದರೂ ತಣ್ಣಗಾಗಬೇಕಿತ್ತು. ಆಗಿರಲಿಲ್ಲ.

"ಸತ್ತಿಲ್ಲ," ಎಂದೆ.

"ಏನು?"

"ಅದು. ನಾನು ಎಷ್ಟು ಪ್ರಯತ್ನಪಟ್ರೂ ಸಾಯ್ಲಿಲ್ಲ. ಅದಕ್ಕೇ ಇನ್ನೂ ಸಿಟ್ಟು."

ಅವನ ಮುಖದಲ್ಲಿ ಆವತ್ತಿನ ಬೆಳಕೇ ಮತ್ತೆ ಬಂತು. ಈ ಸಲ ನೋಡಿ ನನಗೆ ಕೋಪ ಬರಲಿಲ್ಲ, ಅಳು ಬಂತು. ಅವನು ಕೈ ಎತ್ತಿ ಅರ್ಧಕ್ಕೇ ನಿಲ್ಲಿಸಿದ. "ಕೈ ಹಿಡ್ಕೊಳ್ಳಲಾ?"

"ಬೇಡ. ಇನ್ನೂ ಬೈಯೋದು ಮುಗ್ದಿಲ್ಲ."

"ಸರಿ," ಎಂದ. ಕೈ ಹಿಂದಕ್ಕೆ ತೆಗೆದುಕೊಂಡು ತೊಡೆಯ ಕೆಳಗೆ ಇಟ್ಟುಕೊಂಡ. "ಬೈ. ಕೇಳ್ತೀನಿ."

ಏಪ್ರಿಲ್‌ನಿಂದ ಶುರು ಮಾಡಿದೆ. ಒಂದನ್ನೂ ಬಿಡಲಿಲ್ಲ. ಊಟದ ರೂಮಿನ ನಗುವಿಗೆ ಬೈದೆ, ಪಳಗಿಸಿದ್ದಾನೆ ಎಂಬ ಮಾತಿಗೆ ಬೈದೆ, ನನ್ನನ್ನು ಒಂದು ಮಾತು ಕೇಳದಿದ್ದದ್ದಕ್ಕೆ ಎರಡು ಸಲ ಬೈದೆ. ದನಿ ಏರಿತು. ಕಾರು ತೆಗೆಯಲು ಬಂದ ಇಮಾನಿ ನಮ್ಮನ್ನು ನೋಡಿ ಬಂದ ದಾರಿಯಲ್ಲೇ ತಿರುಗಿ ಹೋದಳು. ಲೆಂಗ್‌ನ ಭುಜ ನಡುಗುತ್ತಿತ್ತು. ಅವನು ಸಮಾಧಾನ ಮಾಡಲಿಲ್ಲ, ಹೋಗಲಿ ಬಿಡು ಎನ್ನಲಿಲ್ಲ, ಎಲ್ಲೂ ಓಡಲಿಲ್ಲ.

ನಾರೆಯ ಹಲ್ಲಿಗೆ ಬಂದಾಗ ನನ್ನ ದನಿ ಮುರಿಯಿತು. "ಇದು ನಿಂಗಲ್ಲ, ನಂಗೆ ಬೈಕೊಳ್ತಿರೋದು," ಎಂದೆ. ಅವನು ತಲೆಯಾಡಿಸಿದ.

"ಮುಗೀತಾ?" ಎಂದ, ತುಂಬ ಹೊತ್ತಿನ ಮೇಲೆ.

"ಇನ್ನೂ ಇದೆ."

"ಸರಿ."

ನಾನು ಹತ್ತಿರ ಸರಿದು, ಅವನ ಭುಜಕ್ಕೆ ತಲೆ ಕೊಟ್ಟು, ಉಳಿದದ್ದನ್ನು ಬೈದೆ.